ಹೀಬ್ರೂ ಬೈಬಲ್ ಮತ್ತು ಅದರ ಹಳೆಯ ಗ್ರೀಕ್ ಅನುವಾದ: ಇದನ್ನೇ ವೃತ್ತಿಯಾಗಿ ಓದಬೇಕು ಅನ್ನುವವರಿಗೆ

ಹೀಬ್ರೂ ಲಿಪಿಯಲ್ಲಿ ದಾಲೆತ್, ರೇಶ್ ಅಂತ ಎರಡು ಅಕ್ಷರಗಳಿವೆ. ದಾಲೆತ್ ನಮ್ಮ ದಕಾರ, ರೇಶ್ ರಕಾರ. ಎರಡಕ್ಕೂ ಮೇಲೊಂದು ಅಡ್ಡಗೆರೆ, ಬಲಗಡೆ ಒಂದು ಕಾಲು. ದಾಲೆತ್‌ನ ಮೂಲೆ ಚೂಪು, ರೇಶ್‌ನ ಮೂಲೆ ದುಂಡಗೆ. ಅಷ್ಟೇ ವ್ಯತ್ಯಾಸ.

ಬೈಬಲಿನ ಮೊದಲ ಪುಸ್ತಕ ಆದಿಕಾಂಡ. ಅದರ 22:13ರಲ್ಲಿ (ಅಧ್ಯಾಯ 22, ವಚನ 13) ಅಬ್ರಹಾಮ ತಲೆಯೆತ್ತಿ ನೋಡಿದಾಗ ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರು ಕಾಣಿಸುತ್ತದೆ. ಈಗ ಅಚ್ಚಾಗುವ ಹೀಬ್ರೂ ಪಾಠದಲ್ಲಿ ಟಗರಿನ ಪಕ್ಕ ‘ಅಹರ್’ ಎಂದಿದೆ, ಅಂದರೆ ‘ಹಿಂದೆ’. ಕ್ರಿಸ್ತಪೂರ್ವ 3ನೇ ಶತಮಾನದ ಗ್ರೀಕ್ ಅನುವಾದದಲ್ಲಿ ‘ಒಂದು ಟಗರು’ ಎಂದಿದೆ. ಹೀಬ್ರೂನಲ್ಲಿ ಒಂದು ಅನ್ನೋದಕ್ಕೆ ‘ಎಹಾದ್’. ಸ್ವರದ ಗುರುತು ತೆಗೆದು ಬರೀ ವ್ಯಂಜನ ನೋಡಿದರೆ ಎರಡರಲ್ಲೂ ಮೂರೇ ಅಕ್ಷರ. ಮೊದಲ ಎರಡು ಒಂದೇ, ಕೊನೆಯದು ಮಾತ್ರ ಒಂದರಲ್ಲಿ ರೇಶ್, ಇನ್ನೊಂದರಲ್ಲಿ ದಾಲೆತ್.

ಅನುವಾದಕನ ಕಣ್ಣು ತಪ್ಪಿತಾ? ಅವನ ಮುಂದಿದ್ದ ಹಸ್ತಪ್ರತಿಯಲ್ಲೇ ದಾಲೆತ್ ಇತ್ತಾ? ಅಥವಾ ನಮ್ಮ ಕೈಗೆ ಬಂದಿರುವ ಹೀಬ್ರೂ ಪಾಠದಲ್ಲೇ ನಕಲು ಮಾಡಿದವರ ಕೈ ಜಾರಿತಾ? ಯೆಹೂದ್ಯರಿಂದ ಬೇರೆಯಾಗಿ ಉಳಿದ ಸಮಾರ್ಯದವರ ಹೀಬ್ರೂ ಪಂಚಗ್ರಂಥದಲ್ಲೂ (ಬೈಬಲಿನ ಮೊದಲ ಐದು ಪುಸ್ತಕ) ‘ಒಂದು’ ಎಂದೇ ಇದೆ. ಈ ಪ್ರಶ್ನೆಯನ್ನು ಒಂದು ವಾರ ಹಿಡಿದು ಕೂರಬೇಕು ಅನ್ನಿಸುತ್ತಿದ್ದರೆ ಮುಂದೆ ಓದಿ. ಈ ಓದಿನ ತಿರುಳೇ ಅದು: ವ್ಯತ್ಯಾಸ ಕಂಡ ಕೂಡಲೇ ಯಾರು ಸರಿ ಯಾರು ತಪ್ಪು ಅಂತ ತೀರ್ಪು ಕೊಡದೆ, ಅದು ಎಲ್ಲಿಂದ ಬಂತು ಅಂತ ತಾಳ್ಮೆಯಿಂದ ಹುಡುಕೋದು.

ಮೊದಲು ಹಿನ್ನೆಲೆ, ಚುಟುಕಾಗಿ

ಕ್ರೈಸ್ತರು ಹಳೆ ಒಡಂಬಡಿಕೆ ಅನ್ನುವ ಪುಸ್ತಕಗಳೇ ಯೆಹೂದ್ಯರ ತನಖ್. ಬಹುಪಾಲು ಹೀಬ್ರೂ, ದಾನಿಯೇಲ ಮತ್ತು ಎಜ್ರದ ಕೆಲವು ಭಾಗ ಅರಾಮಿಕ್. ಗ್ರೀಕ್ ಅನುವಾದಕ್ಕೆ ಸೆಪ್ಟುವಜಿಂಟ್ ಅಂತ ಹೆಸರು, ಅಂದರೆ ಎಪ್ಪತ್ತು. ಈಜಿಪ್ಟಿನ ದೊರೆ ಎರಡನೇ ಟಾಲೆಮಿಯ ಕಾಲದಲ್ಲಿ ಅಲೆಕ್ಸಾಂಡ್ರಿಯಾಕ್ಕೆ 72 ಮಂದಿ ಹಿರಿಯರು ಬಂದು ತೋರಾವನ್ನು, ಅಂದರೆ ಆ ಮೊದಲ ಐದು ಪುಸ್ತಕಗಳನ್ನು, ಅನುವಾದ ಮಾಡಿದರು ಅನ್ನುವ ಕಥೆಯಿಂದ ಬಂದ ಹೆಸರು ಅದು. ಕಥೆಯನ್ನು ಅಕ್ಷರಶಃ ನಂಬುವ ವಿದ್ವಾಂಸರು ಈಗ ಕಡಿಮೆ. ಆದರೆ ಮೊದಲ ಐದು ಪುಸ್ತಕ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ, ಅಲೆಕ್ಸಾಂಡ್ರಿಯಾದ ಯೆಹೂದ್ಯರ ನಡುವೆ ಗ್ರೀಕ್‌ಗೆ ಬಂದವು ಅನ್ನೋದನ್ನು ಹೆಚ್ಚಿನವರು ಒಪ್ಪುತ್ತಾರೆ. ಉಳಿದವು ಮುಂದಿನ ಶತಮಾನಗಳಲ್ಲಿ ಬೇರೆ ಬೇರೆ ಕೈಗಳಿಂದ ಬಂದವು. ಗ್ರೀಕ್ ಆರ್ಥೊಡಾಕ್ಸ್ ಸಭೆಗೆ (ಚರ್ಚಿಗೆ) ಇವತ್ತಿಗೂ ಇದೇ ಹಳೆ ಒಡಂಬಡಿಕೆ.

ಇದನ್ನು ಓದಲು ಕ್ರೈಸ್ತರೇ ಆಗಬೇಕಾ? ಬೇಡ. ಯೆಹೂದ್ಯರು, ಕ್ರೈಸ್ತರು, ಯಾವ ನಂಬಿಕೆಯೂ ಇಲ್ಲದವರು ಎಲ್ಲರೂ ಈ ಕೆಲಸದಲ್ಲಿದ್ದಾರೆ. ಆದರೆ ಭಾರತದಲ್ಲಿ ಇದನ್ನು ಕಲಿಸುವ ಜಾಗಗಳು ಹೆಚ್ಚಾಗಿ ಸಭೆಗಳ ಕಾಲೇಜುಗಳು. ಸೇರುವ ಮೊದಲು ಅಲ್ಲಿನ ನಿಯಮಗಳನ್ನು ಕೇಳಿ ತಿಳಿದುಕೊಳ್ಳಿ.

ಹೆಜ್ಜೆ 1: ಹೀಬ್ರೂ, ದಿನಾ ಒಂದು ಗಂಟೆ

ಎರಡೂ ಭಾಷೆಯನ್ನು ಒಟ್ಟಿಗೆ ಶುರು ಮಾಡಬೇಡಿ. ಒಂದು ಪೂರ್ತಿ ವರ್ಷ ಹೀಬ್ರೂಗೆ ಕೊಡಿ. ಭಾನುವಾರ ಐದು ಗಂಟೆ ಕೂತು ಓದೋದಕ್ಕಿಂತ ದಿನಾ ಒಂದು ಗಂಟೆ ಓದೋದು ಎಷ್ಟೋ ಮೇಲು.

ಕನ್ನಡದವರಿಗೆ ಇಲ್ಲಿ ನಿಜವಾಗಿಯೂ ಕೆಲವು ಅನುಕೂಲಗಳಿವೆ. ಹೀಬ್ರೂ ಅಕ್ಷರ 22, ಎಲ್ಲವೂ ವ್ಯಂಜನ, ಬಲದಿಂದ ಎಡಕ್ಕೆ ಬರೆಯೋದು. ಸ್ವರಗಳನ್ನು ಅಕ್ಷರದ ಕೆಳಗೆ, ಮೇಲೆ, ಒಳಗೆ ಚುಕ್ಕಿ ಗೆರೆಗಳಾಗಿ ಸೇರಿಸುತ್ತಾರೆ. ಕಾಗುಣಿತ ಬರೆದು ಬೆಳೆದ ನಮಗೆ ಇದು ತಟ್ಟನೆ ಅರ್ಥವಾಗುತ್ತದೆ. ಕ್ರಿಯಾಪದದಲ್ಲೇ ಲಿಂಗ ಗೊತ್ತಾಗುವುದೂ ನಮಗೆ ಹೊಸದಲ್ಲ: ‘ಕಾತವ್’ ಅಂದರೆ ಬರೆದನು, ‘ಕಾತೆವಾ’ ಅಂದರೆ ಬರೆದಳು. ಹೀಬ್ರೂ ಕ್ರಿಯಾಪದಕ್ಕೆ ಮುಖ್ಯವಾಗಿ ಏಳು ಅಚ್ಚುಗಳಿವೆ. ಅವುಗಳಲ್ಲಿ ಹಿಫಿಲ್ ಅನ್ನೋದು ಹೆಚ್ಚಾಗಿ ನಮ್ಮ ‘ಇಸು’ ಇದ್ದಂತೆ, ಓದು–ಓದಿಸು, ತಿನ್ನು–ತಿನ್ನಿಸು. ಇಂಗ್ಲಿಷ್ ಪುಸ್ತಕದಲ್ಲಿ ಎರಡು ಪುಟ ವಿವರಿಸುವುದನ್ನು ಕನ್ನಡದ ಒಂದು ಉದಾಹರಣೆ ಮುಗಿಸಿಬಿಡುತ್ತದೆ.

ಜೋರಾಗಿ ಓದಿ. ನನಗೆ ಹೀಬ್ರೂ ಕಲಿಸಿದ ಮೇಷ್ಟ್ರು ವಚನವನ್ನು ಮೂರು ಸಲ ಗಟ್ಟಿಯಾಗಿ ಓದದೆ ವ್ಯಾಕರಣ ಹೇಳಲು ಬಿಡುತ್ತಿರಲಿಲ್ಲ. ಆಗ ಸಮಯ ಹಾಳು ಅನ್ನಿಸುತ್ತಿತ್ತು. ಈಗ ಒಂದು ಪದ ಕಂಡರೆ ಅದು ಬಂದ ಬೇರೆ ವಚನ ಕಿವಿಯಲ್ಲಿ ಮೊದಲು ಕೇಳಿಸುತ್ತದೆ, ಆಮೇಲೆ ಕಣ್ಣಿಗೆ ಬೀಳುತ್ತದೆ. ಆ ಅಭ್ಯಾಸಕ್ಕೆ ನಾನು ಇವತ್ತಿಗೂ ಋಣಿ.

ಓದಬೇಕಾದ ಮುದ್ರಣ: ಸ್ಟುಟ್‌ಗಾರ್ಟ್‌ನಿಂದ ಬಂದ ‘ಬಿಬ್ಲಿಯಾ ಹೆಬ್ರಾಯಿಕಾ ಸ್ಟುಟ್‌ಗಾರ್ಟೆನ್ಸಿಯಾ’. 1008ರ ಸುಮಾರಿನ ಲೆನಿನ್‌ಗ್ರಾಡ್ ಹಸ್ತಪ್ರತಿಯೇ ಇದರ ಪಾಠ. ಪುಟದ ಕೆಳಗೆ ಪಾಠಾಂತರಗಳು ಲ್ಯಾಟಿನ್ ಸಂಕ್ಷೇಪಗಳಲ್ಲಿರುತ್ತವೆ, ಒಂದು ತಿಂಗಳಲ್ಲಿ ಅಭ್ಯಾಸವಾಗುತ್ತದೆ. ಈ ಸಾಲಿನ ಮುದ್ರಣಗಳನ್ನು 1906ರಲ್ಲಿ ಶುರು ಮಾಡಿದವರು ಕಿಟೆಲ್. ಆದರೆ ಅವರು ರುಡಾಲ್ಫ್ ಕಿಟೆಲ್, ನಮ್ಮ ನಿಘಂಟಿನ ಫರ್ಡಿನೆಂಡ್ ಕಿಟೆಲ್ ಅಲ್ಲ. ಕನ್ನಡದವರು ಇಲ್ಲಿ ಗೊಂದಲ ಮಾಡಿಕೊಂಡದ್ದನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ಹೆಜ್ಜೆ 2: ಗ್ರೀಕ್

ಹೊಸ ಒಡಂಬಡಿಕೆಯ ಗ್ರೀಕ್ ಕಲಿತರೆ ಸಾಕು ಅಂತ ತುಂಬಾ ಜನ ಹೇಳುತ್ತಾರೆ. ನನ್ನ ಅನುಭವದಲ್ಲಿ ಸಾಲದು. ಸಾಧ್ಯವಿದ್ದರೆ ಅಥೆನ್ಸಿನ ಹಳೆಯ ಗದ್ಯದ ಗ್ರೀಕ್‌ನಿಂದ ಶುರು ಮಾಡಿ, ಆಮೇಲೆ ಕೊಯಿನೆಗೆ ಬನ್ನಿ. ಅಲೆಕ್ಸಾಂಡರ್‌ನ ನಂತರ ಪೂರ್ವದ ಊರುಗಳಲ್ಲೆಲ್ಲ ಜನ ಆಡುತ್ತಿದ್ದ ಗ್ರೀಕ್ ಅದು. ಆಗ ಅನುವಾದಕನ ವಾಕ್ಯದಲ್ಲಿ ಯಾವುದು ಸಹಜ ಗ್ರೀಕ್, ಯಾವುದು ಹೀಬ್ರೂವಿನ ನೆರಳು ಅಂತ ಗೊತ್ತಾಗುತ್ತದೆ. ಸಂಸ್ಕೃತ ಓದಿದವರಿಗೆ ವಿಭಕ್ತಿ, ಆತ್ಮನೇಪದ ಎಲ್ಲ ಮೊದಲೇ ಗೊತ್ತಿರುವುದರಿಂದ ದಾರಿ ಹಗುರ.

ಈಜಿಪ್ಟಿನ ಮರಳಲ್ಲಿ ಸಿಕ್ಕ ಪಪೈರಸ್ ಹಾಳೆಗಳನ್ನೂ ಮರೆಯಬೇಡಿ. ಸಾಲಪತ್ರ, ಮದುವೆ ಕರಾರು, ಮನೆಗೆ ಬರೆದ ಕಾಗದ, ಎಲ್ಲವೂ ಅನುವಾದಕರು ಬಾಳಿದ ನಾಡಿನ ಗ್ರೀಕ್‌ನಲ್ಲೇ ಇವೆ. ಒಂದು ಪದಕ್ಕೆ ಆ ಜನ ಯಾವ ಅರ್ಥ ಕೊಡುತ್ತಿದ್ದರು ಅಂತ ಅಲ್ಲಿ ಸಿಗುತ್ತದೆ. ಕನ್ನಡದ ಮಾತುಗಳಿವೆ ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಷ್ ವಾದಿಸಿದ, ಮುಂದೆ ಗೋವಿಂದ ಪೈಗಳು ತಲೆಕೆಡಿಸಿಕೊಂಡ ಆ ಗ್ರೀಕ್ ಪ್ರಹಸನ ಸಿಕ್ಕಿದ್ದು ಕೂಡ ಇಂಥದೇ ರಾಶಿಯಲ್ಲಿ, ಆಕ್ಸಿರಿಂಕಸ್‌ನಲ್ಲಿ.

ಗ್ರೀಕ್ ಪಾಠಕ್ಕೆ ರಾಲ್ಫ್ಸ್ ಸಂಪಾದಿಸಿದ 1935ರ ಮುದ್ರಣ ಸಾಕು, 2006ರಲ್ಲಿ ಪರಿಷ್ಕಾರವಾಗಿದೆ. ಸಂಶೋಧನೆಗೆ ಕೂತ ದಿನದಿಂದ ಮಾತ್ರ ಜರ್ಮನಿಯ ಗಟ್ಟಿಂಗನ್ ಊರಿನಿಂದ ಬರುವ ಸಂಪುಟಗಳನ್ನೇ ನೋಡಬೇಕು. 1908ರಲ್ಲಿ ಶುರುವಾದ ಆ ಯೋಜನೆ ಒಂದೊಂದೇ ಪುಸ್ತಕಕ್ಕೆ ಸಿಕ್ಕ ಎಲ್ಲ ಹಸ್ತಪ್ರತಿಗಳನ್ನೂ ಹೋಲಿಸಿ ಪಾಠ ಕೊಡುತ್ತದೆ.

ಹೆಜ್ಜೆ 3: ಎರಡನ್ನೂ ಪಕ್ಕ ಪಕ್ಕ ಇಟ್ಟು ಓದೋದು

ಇಲ್ಲಿ ಅವಸರ ಮಾಡಬೇಡಿ. ಉಳಿದ ಹೆಜ್ಜೆಗಳೆಲ್ಲ ಅರ್ಜಿ, ಫೀಸು, ದಿನಾಂಕದ ವಿಷಯ. ವಿದ್ವಾಂಸರಾಗೋದು ಇಲ್ಲಿ.

ಒಂದು ನೋಟ್‌ಬುಕ್ ತಗೊಳ್ಳಿ. ಬಲಪುಟದಲ್ಲಿ ಹೀಬ್ರೂ ವಚನ, ಎಡಪುಟದಲ್ಲಿ ಗ್ರೀಕ್. ಕೈಯಲ್ಲೇ ಬರೆಯಿರಿ. ಪ್ರತಿ ಹೀಬ್ರೂ ಪದಕ್ಕೂ ಗ್ರೀಕ್‌ನಲ್ಲಿ ಯಾವುದು ಬಂದಿದೆ ಅಂತ ಗೆರೆ ಎಳೆಯಿರಿ. ಹೆಚ್ಚಿಗೆ ಬಂದದ್ದಕ್ಕೆ ಒಂದು ಬಣ್ಣ, ಬಿಟ್ಟುಹೋದದ್ದಕ್ಕೆ ಇನ್ನೊಂದು. ಕಂಪ್ಯೂಟರ್‌ನಲ್ಲಿ ಇದೆಲ್ಲ ಕ್ಷಣದಲ್ಲಿ ಸಿಗುತ್ತದೆ, ನಿಜ. ಆದರೆ ಮೊದಲ ಎರಡು ಪುಸ್ತಕ ಕೈಯಲ್ಲೇ ಆಗಲಿ.

ಆ ಟಗರಿನ ವಚನವನ್ನೇ ಮತ್ತೆ ನೋಡಿ. ಹೀಬ್ರೂನಲ್ಲಿ ಪೊದೆಗೆ ಇರುವ ಪದ ‘ಸ್ವಖ್’. ಗ್ರೀಕ್ ಅನುವಾದಕ ಅದನ್ನು ಅನುವಾದ ಮಾಡದೆ ‘ಸಾಬೆಕ್ ಗಿಡ’ ಅಂತ ಹಾಗೇ ಉಳಿಸಿಬಿಟ್ಟಿದ್ದಾನೆ. ಅರ್ಥ ಗೊತ್ತಿರಲಿಲ್ಲವೋ, ಗಿಡದ ಹೆಸರು ಅಂದುಕೊಂಡನೋ. ಯಾವುದಾದರೂ ಆಗಲಿ, ಗೊತ್ತಿಲ್ಲದ್ದನ್ನು ತನ್ನ ಕಡೆಯಿಂದ ತುಂಬಿಸದೆ ಬಿಟ್ಟ ಆ ಪದದಿಂದ ಆಗ ಅದನ್ನು ಹೇಗೆ ಉಚ್ಚರಿಸುತ್ತಿದ್ದರು ಅಂತ ನಮಗೊಂದು ಸುಳಿವು ಸಿಕ್ಕಿದೆ. ಹೀಬ್ರೂ ಸ್ವರಚಿಹ್ನೆಗಳು ಹುಟ್ಟಿದ್ದು ಅದಾಗಿ ಸಾವಿರ ವರ್ಷದ ಆಸುಪಾಸಿನಲ್ಲಿ, ನೆನಪಿರಲಿ.

ಇನ್ನೊಂದು. ಕನ್ನಡದಲ್ಲಿ ನಾವು ‘ಎದ್ದು, ಹೋಗಿ, ನೋಡಿದನು’ ಅನ್ನುತ್ತೇವೆ. ಗ್ರೀಕ್‌ಗೂ ಆ ರೀತಿ ಇಷ್ಟ. ಹೀಬ್ರೂ ಮಾತ್ರ ‘ಎದ್ದನು ಮತ್ತು ಹೋದನು ಮತ್ತು ನೋಡಿದನು’ ಅನ್ನುತ್ತದೆ. ಹಾಗಾದರೆ ಅನುವಾದಕ ಏನು ಮಾಡುತ್ತಾನೆ? ಆದಿಕಾಂಡ 22:3ರಲ್ಲಿ ಅಬ್ರಹಾಮ ಬೆಳಗ್ಗೆ ‘ಎದ್ದು’ ಕತ್ತೆಗೆ ತಡಿ ಹಾಕುತ್ತಾನೆ, ಗ್ರೀಕ್‌ನ ಸಹಜ ಧಾಟಿ. ಯೋನ 3:3ರ ಅನುವಾದಕನೋ ‘ಎದ್ದನು ಮತ್ತು ಹೋದನು’ ಅಂತ ಹೀಬ್ರೂವಿನ ಹೆಜ್ಜೆಯಲ್ಲೇ ಹೆಜ್ಜೆ ಇಡುತ್ತಾನೆ. ಇಂಥ ನೂರು ಕಡೆ ಎಣಿಸಿದ ಮೇಲೆ ಈ ಅನುವಾದಕ ಎಂಥವನು ಅಂತ ಗೊತ್ತಾಗುತ್ತದೆ. ಪದಕ್ಕೆ ಪದ ಇಡುವವನ ಪುಸ್ತಕದಲ್ಲಿ ವ್ಯತ್ಯಾಸ ಕಂಡರೆ ಅವನ ಮುಂದೆ ಬೇರೆ ಹೀಬ್ರೂ ಪಾಠ ಇದ್ದಿರುವ ಸಾಧ್ಯತೆ ಜಾಸ್ತಿ. ಸಲೀಸಾಗಿ ತಿರುಗಿಸಿ ಬರೆಯುವವನ ಪುಸ್ತಕದಲ್ಲಿ ಅದೇ ವ್ಯತ್ಯಾಸಕ್ಕೆ ಅಷ್ಟು ತೂಕ ಇಲ್ಲ. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಸೊಯ್ಸಲೊನ್-ಸೊಯ್ನಿನೆನ್, ಅವರ ನಂತರ ಆನೆಲಿ ಐಮೆಲಾಯುಸ್ ಈ ವಿಧಾನವನ್ನು ಬೆಳೆಸಿದರು. ಒಂದು ವಚನದ ಬಗ್ಗೆ ಮಾತಾಡುವ ಮೊದಲು ಇಡೀ ಪುಸ್ತಕದ ಅನುವಾದಕನನ್ನು ಪರಿಚಯ ಮಾಡಿಕೊಳ್ಳಬೇಕು ಅನ್ನೋದನ್ನು ನಾನು ಕಲಿತದ್ದು ಅವರನ್ನು ಓದಿ.

ಅನುವಾದಕರಿಗೆ ತಮ್ಮ ಕೆಲಸದ ಕಷ್ಟ ಚೆನ್ನಾಗಿ ಗೊತ್ತಿತ್ತು. ಯೆಹೂದ್ಯ ಜ್ಞಾನಿ ಬೆನ್ ಸಿರಾ ಬರೆದ ಹೀಬ್ರೂ ಪುಸ್ತಕವನ್ನು ಅವನ ಮೊಮ್ಮಗ ಈಜಿಪ್ಟಿನಲ್ಲಿ ಗ್ರೀಕ್‌ಗೆ ತಂದ. ಹೀಬ್ರೂನಲ್ಲಿ ಹೇಳಿದ್ದಕ್ಕೆ ಬೇರೆ ಭಾಷೆಯಲ್ಲಿ ಅದೇ ಬಲ ಇರೋದಿಲ್ಲ, ಎಲ್ಲಾದರೂ ಸರಿ ಬಾರದಿದ್ದರೆ ಮನ್ನಿಸಿ ಅಂತ ಮುನ್ನುಡಿಯಲ್ಲಿ ಕೇಳಿಕೊಂಡಿದ್ದಾನೆ. ಆ ಮುನ್ನುಡಿಯನ್ನು ಮೂಲದಲ್ಲಿ ಓದುವಷ್ಟು ಗ್ರೀಕ್ ಬಂದ ದಿನ ನಿಮಗೆ ಖುಷಿಯಾಗುತ್ತದೆ ನೋಡಿ.

ಮೃತ ಸಮುದ್ರದ ಸುರುಳಿಗಳನ್ನು (1947ರಿಂದ ಕುಮ್ರಾನಿನ ಗುಹೆಗಳಲ್ಲಿ ಸಿಕ್ಕ ಹಳೆಯ ಯೆಹೂದಿ ಹಸ್ತಪ್ರತಿಗಳು) ಸೇರಿಸಿಕೊಂಡರೆ ವಿಷಯ ಇನ್ನೂ ಬಿಗಿಯಾಗುತ್ತದೆ. ದಾವೀದ ಕವಣೆಕಲ್ಲಿನಿಂದ ಉರುಳಿಸಿದ ದೈತ್ಯ ಗೊಲ್ಯಾತನ ಎತ್ತರ ಎಷ್ಟು? ಹೀಬ್ರೂ ಪಾಠದಲ್ಲಿ ಆರು ಮೊಳ ಒಂದು ಗೇಣು, ಅಂದರೆ ಒಂಬತ್ತು ಅಡಿಯ ಮೇಲೆ. ಹಳೆಯ ಗ್ರೀಕ್ ಪಾಠದಲ್ಲಿ ನಾಲ್ಕು ಮೊಳ ಒಂದು ಗೇಣು, ಆರೂವರೆ ಅಡಿಯ ಆಸುಪಾಸು. ಗ್ರೀಕರು ಕಡಿಮೆ ಮಾಡಿದರು ಅಂತ ಹೇಳುವವರಿದ್ದರು. ಕುಮ್ರಾನಿನ 4ನೇ ಗುಹೆಯಲ್ಲಿ ಸಿಕ್ಕ, ಆ ಕಥೆಯಿರುವ ಸಮುವೇಲನ ಪುಸ್ತಕದ ಹೀಬ್ರೂ ಸುರುಳಿಯಲ್ಲೂ ನಾಲ್ಕೇ ಮೊಳ! ಯೆರೆಮೀಯ ಗ್ರೀಕ್‌ನಲ್ಲಿ ಏಳೆಂಟರಲ್ಲಿ ಒಂದು ಪಾಲು ಚಿಕ್ಕದು, ಅಧ್ಯಾಯಗಳ ಕ್ರಮವೂ ಬೇರೆ. ಆ ಚಿಕ್ಕ ರೂಪಕ್ಕೆ ಹೊಂದುವ ಹೀಬ್ರೂ ತುಣುಕುಗಳೂ ಅದೇ ಗುಹೆಯಲ್ಲಿ ಸಿಕ್ಕಿವೆ. 1947ರ ಮೊದಲು ಅನುವಾದಕನ ತಪ್ಪು ಅಂತ ಪಕ್ಕಕ್ಕಿಟ್ಟಿದ್ದ ಎಷ್ಟೋ ಸಂಗತಿಗಳನ್ನು ಮತ್ತೆ ತೆರೆದು ನೋಡಬೇಕಾಯಿತು.

ಕನ್ನಡ ಎಂ.ಎ.ಯಲ್ಲಿ ಗ್ರಂಥಸಂಪಾದನೆ ಓದಿದವರಿಗೆ ಇದೆಲ್ಲ ತವರಿನ ಮಾತಿನ ಹಾಗೆ ಕೇಳಿಸುತ್ತದೆ, ಅಲ್ವಾ? ಲಿಪಿಕಾರ, ಪಾಠಾಂತರ, ಪ್ರತಿಗಳ ವಂಶವೃಕ್ಷ. ಓಲೆಗರಿಯಲ್ಲಿ ಪ, ವ, ಮ ಕಲಸಿಹೋಗುವುದನ್ನು ಕಂಡವರಿಗೆ ದಾಲೆತ್, ರೇಶ್ ಗೊಂದಲ ವಿವರಿಸಬೇಕಾಗಿಯೇ ಇಲ್ಲ.

ದುಡ್ಡಿಲ್ಲ ಅನ್ನುವವರಿಗೆ: ಜರ್ಮನ್ ಬೈಬಲ್ ಸೊಸೈಟಿಯ ಜಾಲತಾಣದಲ್ಲಿ ಹೀಬ್ರೂ ಮತ್ತು ಗ್ರೀಕ್ ಪಾಠ ಎರಡೂ ಉಚಿತವಾಗಿ ಓದಲು ಸಿಗುತ್ತವೆ. ಸೈನಾಯ್ಟಿಕಸ್, ವ್ಯಾಟಿಕಾನಸ್ ಅನ್ನುವ ಹಳೆಯ ಗ್ರೀಕ್ ಬೈಬಲ್ ಹಸ್ತಪ್ರತಿಗಳ ಚಿತ್ರಗಳು, ಮೃತ ಸಮುದ್ರದ ಸುರುಳಿಗಳ ಚಿತ್ರಗಳು ಕೂಡ ಹಾಗೇ. ಇಂಟರ್ನೆಟ್ ಆರ್ಕೈವ್‌ನಲ್ಲಿ 1906ರ ಬ್ರೌನ್-ಡ್ರೈವರ್-ಬ್ರಿಗ್ಸ್ ಹೀಬ್ರೂ ನಿಘಂಟು, ಹ್ಯಾಚ್-ರೆಡ್‌ಪಾತ್ ಪದಾನುಕ್ರಮಣಿಕೆ, ಥ್ಯಾಕರೆಯ 1909ರ ಸೆಪ್ಟುವಜಿಂಟ್ ವ್ಯಾಕರಣ ಇವೆ. ಹಳೆಯವು, ಆದರೆ ಇವತ್ತಿಗೂ ಕೈಗೆ ಬರುವಂಥವು. ಸಾಫ್ಟ್‌ವೇರ್‌ಗೆ ಸುಮ್ನೆ ಸಾವಿರಾರು ರೂಪಾಯಿ ಈಗಲೇ ಸುರಿಯಬೇಡಿ.

ಹೆಜ್ಜೆ 4: ಜರ್ಮನ್, ಸ್ವಲ್ಪ ಫ್ರೆಂಚ್, ಆಗುವುದಾದರೆ ಸಿರಿಯಾಕ್

ಗಟ್ಟಿಂಗನ್ ಸಂಪುಟಗಳ ಪೀಠಿಕೆ ಜರ್ಮನ್‌ನಲ್ಲಿದೆ. ಮಾತಾಡಲು ಬಾರದಿದ್ದರೂ ಓದಲು ಬರಲೇಬೇಕು. ಸಿರಿಯಾಕ್ ಅನ್ನೋದು ಅರಾಮಿಕ್‌ನ ಒಂದು ರೂಪ, ಪೂರ್ವದ ಕ್ರೈಸ್ತರ ಹಳೆಯ ಭಾಷೆ. ಅದರ ಬಗ್ಗೆ ಒಂದು ಒಳ್ಳೆಯ ಸುದ್ದಿ: ಅದನ್ನು ಕಲಿಯಲು ಯುರೋಪಿಗೆ ಹೋಗಬೇಕಿಲ್ಲ, ಕೇರಳದ ಕೊಟ್ಟಾಯಂನಲ್ಲಿ ಸಂತ ಎಫ್ರೇಮ್ ಹೆಸರಿನ ಸಂಶೋಧನಾ ಸಂಸ್ಥೆ ಇದೆ. 7ನೇ ಶತಮಾನದ ಆರಂಭದಲ್ಲಿ ಸೆಪ್ಟುವಜಿಂಟನ್ನು ಸಿರಿಯಾಕ್‌ಗೆ ಚಾಚೂ ತಪ್ಪದಂತೆ ತಂದಿದ್ದರು. ಕಳೆದುಹೋದ ಗ್ರೀಕ್ ಪಾಠಗಳನ್ನು ಹುಡುಕುವವರಿಗೆ ಆ ಭಾಷಾಂತರ ಬೇಕೇ ಬೇಕು.

ಹೆಜ್ಜೆ 5: ಎಲ್ಲಿ ಓದೋದು

ಕರ್ನಾಟಕದಲ್ಲಿ ಇದ್ದೇ ಶುರು ಮಾಡಬಹುದು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಿಂದ ಇದೆ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ. ಎರಡೂ ದೇವತಾಶಾಸ್ತ್ರದ ಪದವಿ ಕೊಡುವ ಸೆರಾಂಪುರ ಸೆನೆಟ್‌ಗೆ ಸೇರಿದವು. ಬಿ.ಡಿ. (ದೇವತಾಶಾಸ್ತ್ರದ ಪದವಿ), ಆಮೇಲೆ ಹಳೆ ಒಡಂಬಡಿಕೆಯಲ್ಲಿ ಎಂ.ಟಿಎಚ್. (ಸ್ನಾತಕೋತ್ತರ ಪದವಿ), ಆಮೇಲೆ ಡಾಕ್ಟರೇಟ್ ಅನ್ನೋದು ದಾರಿ. ಕಥೋಲಿಕರಿಗೆ ಬೆಂಗಳೂರಿನ ಧರ್ಮಾರಾಮ್ ಇದೆ, ಮುಂದೆ ರೋಮಿನಲ್ಲಿ 1909ರಲ್ಲಿ ಶುರುವಾದ ಬೈಬಲ್ ಸಂಸ್ಥೆ.

ಹೊರದೇಶದಲ್ಲಿ ಹೀಬ್ರೂ ಬೈಬಲ್ ಕಲಿಸುವ ವಿಶ್ವವಿದ್ಯಾಲಯಗಳು ನೂರಾರು. ಸೆಪ್ಟುವಜಿಂಟ್ ಗೊತ್ತಿರುವ ಮೇಷ್ಟ್ರು ಇರುವಂಥವು ಕೆಲವೇ: ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯ, ಗಟ್ಟಿಂಗನ್, ಹೆಲ್ಸಿಂಕಿ, ಆಕ್ಸ್‌ಫರ್ಡ್, ಕೆನಡಾದ ಟ್ರಿನಿಟಿ ವೆಸ್ಟರ್ನ್. ಆಕ್ಸ್‌ಫರ್ಡ್‌ನಲ್ಲಂತೂ ಸೆಪ್ಟುವಜಿಂಟ್ ಬಗ್ಗೆಯೇ 1859ರಲ್ಲಿ ಸ್ಥಾಪಿಸಿದ ಉಪನ್ಯಾಸ ಮಾಲೆ ಇದೆ. ಆದರೂ ಹೆಸರು ನೋಡಿ ಅರ್ಜಿ ಹಾಕಬೇಡಿ. ಮೇಷ್ಟ್ರು ನಿವೃತ್ತರಾದರೆ ಆ ಊರಲ್ಲಿ ಆ ವಿಷಯವೇ ನಿಂತುಹೋಗಬಹುದು. ಈಗ ಅಲ್ಲಿ ಯಾರಿದ್ದಾರೆ, ಹೊಸ ವಿದ್ಯಾರ್ಥಿಗಳನ್ನು ತಗೊಳ್ಳುತ್ತಿದ್ದಾರಾ ಅಂತ ಮೊದಲು ಕೇಳಿ.

ಖರ್ಚಿನ ವಿಷಯ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌.ಡಿ.ಗೆ ಸಾಮಾನ್ಯವಾಗಿ ಫೀಸು ಬಿಟ್ಟು ಜೀವನಕ್ಕೂ ಹಣ ಕೊಡುತ್ತಾರೆ, ಆದರೆ ಐದಾರು ವರ್ಷ ಹಿಡಿಯುತ್ತದೆ. ಬ್ರಿಟನ್‌ನಲ್ಲಿ ಮೂರು ನಾಲ್ಕು ವರ್ಷ, ವಿದ್ಯಾರ್ಥಿವೇತನ ಸಿಗದಿದ್ದರೆ ಭಾರ ತಡೆಯಲಾಗದು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌.ಡಿ.ಗೆ ಬೋಧನಾ ಶುಲ್ಕ ಸಾಮಾನ್ಯವಾಗಿ ಇರೋದಿಲ್ಲ, ಅಲ್ಲಿನ ಡಾಡ್ (DAAD) ವಿನಿಮಯ ಸಂಸ್ಥೆಯ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು. ಸಾಲ ಮಾಡಿ ಹೋಗೋದನ್ನು ನಾನು ಯಾರಿಗೂ ಹೇಳುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹೆಜ್ಜೆ 6: ವಿಷಯ ಚಿಕ್ಕದಿರಲಿ, ಕಾಗದವೂ ಚಿಕ್ಕದಿರಲಿ

‘ಸೆಪ್ಟುವಜಿಂಟಿನಲ್ಲಿ ದೇವರ ಕಲ್ಪನೆ’ ಅಂಥ ವಿಷಯ ಬೇಡ. ಒಂದು ಪುಸ್ತಕದಲ್ಲಿ ಒಂದು ಹೀಬ್ರೂ ಕ್ರಿಯಾಪದ ಗ್ರೀಕ್‌ಗೆ ಹೇಗೆ ಬಂದಿದೆ, ಅಷ್ಟು ಸಾಕು. ಕನ್ನಡದವರೇ ಮಾಡಬೇಕಾದ ಕೆಲಸವೂ ಇದೆ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡಕ್ಕೆ ಬಂತು. ಒಂದು ಪುಸ್ತಕದಲ್ಲಿ ಅವರು ಹೀಬ್ರೂಗೆ ಎಷ್ಟು ಹತ್ತಿರ ನಿಂತರು, ಎಲ್ಲಿ ಇಂಗ್ಲಿಷ್ ಅನುವಾದದ ಕಡೆ ವಾಲಿದರು ಅಂತ ವಚನ ವಚನ ಹಿಡಿದು ನೋಡಲು ಮೂರೂ ಭಾಷೆ ಬಲ್ಲವರು ಬೇಕು.

ಮೇಷ್ಟ್ರಿಗೆ ಮೊದಲ ಮೇಲ್ ಬರೆಯುವಾಗ ಹೊಗಳಿಕೆ ಬೇಡ. ಎಷ್ಟು ವರ್ಷ ಹೀಬ್ರೂ, ಎಷ್ಟು ವರ್ಷ ಗ್ರೀಕ್ ಓದಿದ್ದೀರಿ, ಯಾವ ಪುಸ್ತಕಗಳನ್ನು ಮೂಲದಲ್ಲಿ ಮುಗಿಸಿದ್ದೀರಿ, ಯಾವ ಪ್ರಶ್ನೆ ಕಾಡುತ್ತಿದೆ. ಹತ್ತು ಸಾಲು. ಜೊತೆಗೆ ನೀವೇ ಮಾಡಿದ ಒಂದು ವಚನದ ಹೋಲಿಕೆ, ಒಂದು ಪುಟ. ಪ್ರಮಾಣಪತ್ರಗಳಿಗಿಂತ ಆ ಪುಟಕ್ಕೆ ಬೆಲೆ ಜಾಸ್ತಿ.

ಹೆಜ್ಜೆ 7: ಕೆಲಸ

ನೇರವಾಗಿ ಹೇಳುತ್ತೇನೆ. ಸೆಪ್ಟುವಜಿಂಟ್‌ಗೇ ಮೀಸಲಾದ ಹುದ್ದೆ ಇಡೀ ಜಗತ್ತಿನಲ್ಲಿ ಬೆರಳೆಣಿಕೆ. ಜಾಹೀರಾತು ಬರೋದು ‘ಹೀಬ್ರೂ ಬೈಬಲ್’ ಅಥವಾ ‘ಹಳೆ ಒಡಂಬಡಿಕೆ’ ಅಂತ. ಹಾಗಾಗಿ ಹೀಬ್ರೂ ಪಾಠ ಹೇಳಲು, ಮೊದಲ ವರ್ಷದ ಮಕ್ಕಳಿಗೆ ಪ್ರವಾದಿಗಳ ಬಗ್ಗೆ ಕ್ಲಾಸ್ ತಗೊಳ್ಳಲು ತಯಾರಿರಬೇಕು. ಓದುತ್ತಿರುವಾಗಲೇ ಒಂದೆರಡು ಸೆಮಿಸ್ಟರ್ ಹೀಬ್ರೂ ಕಲಿಸಿ. ಪಿಎಚ್‌.ಡಿ. ಮುಗಿದ ಮೇಲೆ ಮೂರು ನಾಲ್ಕು ವರ್ಷ ತಾತ್ಕಾಲಿಕ ಹುದ್ದೆಗಳಲ್ಲಿ ಓಡಾಡುವವರೇ ಜಾಸ್ತಿ. ತಲೆ ಮೇಲೆ ಸಾಲ ಇರಬಾರದು ಅಂದದ್ದು ಅದಕ್ಕೇ.

ಅಧ್ಯಾಪಕರಾಗುವುದೊಂದೇ ದಾರಿಯಲ್ಲ. ಬೈಬಲ್ ಅನುವಾದ ಸಂಸ್ಥೆಗಳಿಗೆ ಮೂಲ ಭಾಷೆ ಬಲ್ಲ ಸಲಹೆಗಾರರು ಬೇಕು, ಮತ್ತು ಬೈಬಲ್ ಸೊಸೈಟಿ ಆಫ್ ಇಂಡಿಯಾದ ಮುಖ್ಯ ಕಚೇರಿ ಇರುವುದು ಬೆಂಗಳೂರಿನಲ್ಲೇ. ಹಸ್ತಪ್ರತಿ ಗ್ರಂಥಾಲಯ, ಡಿಜಿಟಲ್ ಪಾಠ ಯೋಜನೆಗಳಲ್ಲೂ ಕೆಲಸ ಇದೆ. 1968ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸೆಪ್ಟುವಜಿಂಟ್ ಸಂಘಕ್ಕೆ ವಿದ್ಯಾರ್ಥಿಯಾಗಿದ್ದಾಗಲೇ ಸೇರಿ. ಚಿಕ್ಕ ಬಳಗ ಅದು. ದೊಡ್ಡ ವಿದ್ವಾಂಸರು ಹೊಸಬರ ಪ್ರಬಂಧ ಕೇಳಲು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ.

ಇವತ್ತೇ ಶುರು ಮಾಡುವುದಾದರೆ

ಆ ಸಂಘದವರು ಪ್ರತಿ ವರ್ಷ ಫೆಬ್ರವರಿ 8ನ್ನು ಸೆಪ್ಟುವಜಿಂಟ್ ದಿನ ಅಂತ ಆಚರಿಸುತ್ತಾರೆ. 553ರ ಆ ದಿನ ಚಕ್ರವರ್ತಿ ಜಸ್ಟೀನಿಯನ್ ಹೊರಡಿಸಿದ ಆಜ್ಞೆಯಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರಗಳ ಓದಿಗೆ ಈ ಅನುವಾದವನ್ನು ಶಿಫಾರಸು ಮಾಡಲಾಗಿತ್ತು. ಅಷ್ಟರೊಳಗೆ ಮುಗಿಸಲು ಒಂದು ಪುಸ್ತಕ ಇಟ್ಟುಕೊಳ್ಳಿ. ಭಾಷೆಗಳು ಸ್ವಲ್ಪ ಕೈಗೆ ಬಂದಿದ್ದರೆ ಯೋನ ಸರಿಯಾದ ಅಳತೆ: 4 ಅಧ್ಯಾಯ, 48 ವಚನ.

1:9ಕ್ಕೆ ಬಂದಾಗ ನಿಧಾನಿಸಿ. ನೀನು ಯಾರು ಅಂತ ನಾವಿಕರು ಕೇಳಿದ್ದಕ್ಕೆ ಹೀಬ್ರೂ ಪಾಠದಲ್ಲಿ ಯೋನ ‘ನಾನು ಇಬ್ರಿಯ’ ಅನ್ನುತ್ತಾನೆ. ಗ್ರೀಕ್‌ನಲ್ಲಿ ‘ನಾನು ಕರ್ತನ ಸೇವಕ’ ಅನ್ನುತ್ತಾನೆ. ಇಬ್ರಿಯ ಅನ್ನೋದಕ್ಕೆ ಹೀಬ್ರೂ ಪದ ‘ಇವ್ರಿ’. ಅದರ ನಾಲ್ಕು ಅಕ್ಷರಗಳನ್ನು ಬರೆದು, ಅದರ ರೇಶ್‌ನ ಮೂಲೆಯನ್ನು ಚೂಪು ಮಾಡಿ ನೋಡಿ. ‘ಎವೆದ್’, ಸೇವಕ, ಕಣ್ಣಿಗೆ ಬೀಳುತ್ತದೆ. ಕೊನೆಯಲ್ಲಿ ಉಳಿದ ಒಂದು ಯೋದ್ (ನಮ್ಮ ಯಕಾರ) ಅನ್ನು ದೇವರ ಹೆಸರಿನ ಸಂಕ್ಷೇಪ ಅಂತ ಓದಿಕೊಂಡಿರಬಹುದು.

3:4 ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಯೋನ ಸಾರುವಂತೆ ನಿನೆವೆ ಪಟ್ಟಣ ಉರುಳಲು ಹೀಬ್ರೂನಲ್ಲಿ ಇನ್ನು 40 ದಿನ, ಗ್ರೀಕ್‌ನಲ್ಲಿ ಇನ್ನು 3 ದಿನ. ಇಲ್ಲಿ ಅಕ್ಷರದ ಹೋಲಿಕೆ ಏನೂ ಸಹಾಯ ಮಾಡುವುದಿಲ್ಲ. ಹಿಂದಿನ ವಚನದಲ್ಲಿ ನಿನೆವೆ ಮೂರು ದಿನದ ಪ್ರಯಾಣದಷ್ಟು ದೊಡ್ಡ ಊರು ಎಂದಿದೆ, ಆ ಮೂರು ಇಲ್ಲಿಗೆ ನುಸುಳಿತಾ? ಯೋನ ಮೀನಿನ ಹೊಟ್ಟೆಯಲ್ಲಿ ಕಳೆದ ಮೂರು ದಿನ ನೆನಪಾಯಿತಾ? ನಿಮಗೆ ಅನ್ನಿಸಿದ್ದನ್ನು ಕಾರಣ ಸಮೇತ ಒಂದು ಪುಟ ಬರೆಯಿರಿ. ಮೇಷ್ಟ್ರಿಗೆ ಕಳಿಸಬೇಕಾದ ಪುಟ ಅಂದೆನಲ್ಲ, ಅದು ಇದೇ ಆಗಬಹುದು.